ಅಂಡಮಾನಿನ ಅಡಿಯ ತೊಗಟೆಯನ್ನು ಮಿಲಿಗ್ಯಾಲ್‌ಗಳಲ್ಲಿ ಓದುವ ಬಗೆ

ಗುರುತ್ವದ ಕೆಲಸ ಎಂದ ಕೂಡಲೇ ಹಡಗು ಬೇಕು, ದುಬಾರಿ ಯಂತ್ರ ಬೇಕು ಎಂದು ಎಂಎಸ್ಸಿ ಹುಡುಗರು ಮೊದಲ ದಿನವೇ ಕೈಚೆಲ್ಲುತ್ತಾರೆ. ಭಾರತದ ಭೂಫಲಕ ಅಂಡಮಾನಿನ ಅಡಿಗೆ ಹೇಗೆ ನುಗ್ಗುತ್ತಿದೆ, ಅಲ್ಲಿ ತೊಗಟೆ ಎಷ್ಟು ದಪ್ಪ, ಅದರ ಮೇಲಿನ ಹೂಳು ಎಷ್ಟು ಆಳ ಎಂಬುದರ ಮೊದಲ ಅಂದಾಜಿಗೆ ಅದ್ಯಾವುದೂ ಬೇಕಿಲ್ಲ. ಸಾಧಾರಣ ಲ್ಯಾಪ್‌ಟಾಪ್, ಇಂಟರ್‌ನೆಟ್, ಎರಡು ವಾರದ ತಾಳ್ಮೆ ಸಾಕು. ಡೇಟಾ ಎಲ್ಲ ಪುಕ್ಕಟೆ ಸಿಗುತ್ತದೆ. ಯಾವ ಮಿಲಿಗ್ಯಾಲ್ ಯಾವ ಪದರದ್ದು ಎಂದು ಬಿಡಿಸುವುದಕ್ಕೆ ಮಾತ್ರ ತಲೆ ಓಡಿಸಬೇಕು. ಒಂದೇ ಸೂತ್ರ ನೆನಪಿಟ್ಟುಕೊಂಡರೆ ಮುಕ್ಕಾಲು ದಾರಿ ಸವೆದಂತೆ: ಗೊತ್ತಿರುವುದನ್ನೆಲ್ಲ ಮೊದಲು ಕಳೆಯಿರಿ, ಉಳಿದದ್ದರ ಬಗ್ಗೆ ಆಮೇಲೆ ಮಾತಾಡಿ.

ಮೊದಲು ಅಳತೆಯ ಗಾತ್ರ ತಿಳಿದಿರಲಿ. ಗುರುತ್ವದ ವೇಗವೃದ್ಧಿ ಸುಮಾರು 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ, ಅಂದರೆ 9,80,000 ಮಿಲಿಗ್ಯಾಲ್. ಗೆಲಿಲಿಯೋ ಹೆಸರಿನಿಂದ ಬಂದ ‘ಗ್ಯಾಲ್’ನ ಸಾವಿರದ ಒಂದು ಪಾಲು ಮಿಲಿಗ್ಯಾಲ್. ಸಬ್‌ಡಕ್ಷನ್ ವಲಯಗಳಲ್ಲಿ (ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಕಡೆ) ನಾವು ಹುಡುಕುವ ದೊಡ್ಡ ಏರಿಳಿತಗಳು 200 ಮಿಲಿಗ್ಯಾಲ್ ಆಸುಪಾಸಿನವು. 50 ಕೆಜಿ ಅಕ್ಕಿ ಮೂಟೆಯನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ಅಂಥ ಕಡೆ ಒಯ್ದರೆ ತೂಕದಲ್ಲಿ ಸುಮಾರು 10 ಗ್ರಾಂ ವ್ಯತ್ಯಾಸ, ಒಂದು ಚಿಟಿಕೆ ಅಕ್ಕಿಯಷ್ಟು. ಆ ಚಿಟಿಕೆಯಲ್ಲಿ ನೀರು, ಹೂಳು, ತೊಗಟೆ, ಅದರ ಕೆಳಗಿನ ಮ್ಯಾಂಟಲ್ ಎಲ್ಲದರ ಪಾಲೂ ಬೆರೆತಿದೆ.

ಈ ಜಾಗವೇ ಏಕೆ

ಬಂಗಾಳ ಕೊಲ್ಲಿಯ ತಳವನ್ನು ಹೊತ್ತ ಫಲಕ ಅಂಡಮಾನ್ ದ್ವೀಪಸಾಲಿನ ಪಶ್ಚಿಮದಲ್ಲಿ ಬಾಗಿ ಪೂರ್ವಕ್ಕೆ ಕೆಳಗಿಳಿಯುತ್ತದೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಶುರುವಾಗಿ ಅಂಡಮಾನ್ ತನಕ ಸುಮಾರು 1,300 ಕಿಮೀ ಉದ್ದಕ್ಕೆ ಬಿಚ್ಚಿಕೊಂಡದ್ದು ಇದೇ ಹೊಲಿಗೆ. ದ್ವೀಪಗಳ ಪೂರ್ವಕ್ಕೆ ಬ್ಯಾರನ್ ಜ್ವಾಲಾಮುಖಿ, ಅದರಾಚೆ ತಳವೇ ಸೀಳಿ ಅಗಲವಾಗುತ್ತಿರುವ ಅಂಡಮಾನ್ ಸಮುದ್ರ. ಪಠ್ಯಪುಸ್ತಕದ ಚಿತ್ರದಲ್ಲಿರುವ ಕಂದಕ, ಹೂಳು ಕೆರೆದು ಪೇರಿಸಿದ ದಿಬ್ಬ, ಜ್ವಾಲಾಮುಖಿ ಸಾಲು, ಅದರ ಹಿಂದಿನ ಹಿಂಗಡಲು ಎಲ್ಲವೂ ಇಲ್ಲಿ 400 ಕಿಮೀ ಒಳಗೆ ಸಿಕ್ಕಿಬಿಡುತ್ತವೆ.

ಒಂದು ತಕರಾರಿದೆ. ಇದೇ ಕಂದಕ ದಕ್ಷಿಣಕ್ಕೆ ಜಾವಾದ ಬಳಿ ಹೋಗುವಾಗ 7 ಕಿಮೀಗಿಂತ ಆಳ. ಅಂಡಮಾನಿನ ಹತ್ತಿರ ನೀರು ಸುಮಾರು 3 ಕಿಮೀ ಅಷ್ಟೇ, ನಕಾಶೆಯಲ್ಲಿ ಕಂದಕವನ್ನು ಹುಡುಕಿ ತೆಗೆಯಬೇಕು. ಗಂಗಾ–ಬ್ರಹ್ಮಪುತ್ರ ತಂದು ಸುರಿದ ಹಿಮಾಲಯದ ಹೂಳು ಅದನ್ನು ತುಂಬಿಬಿಟ್ಟಿದೆ. ಈ ಹೂಳಿನ ರಾಶಿಗೆ ಬೆಂಗಾಲ್ ಫ್ಯಾನ್ ಎಂದು ಹೆಸರು; ಬಾಂಗ್ಲಾದೇಶದ ಕರಾವಳಿಯ ಕಡೆ ಇದರ ದಪ್ಪ 16 ಕಿಮೀ ದಾಟುತ್ತದೆ. ಕಣ್ಣಿಗೆ ಕಾಣದ ಕಂದಕವನ್ನು ಹುಡುಕಲು ಗುರುತ್ವ ಬೇಕಾಗುವುದು ಇದಕ್ಕೇ.

ಈ ಕಂದಕದ ಸರಣಿಗೂ ಗುರುತ್ವಕ್ಕೂ ನಂಟು ಹಳೆಯದು. ನೆದರ್‌ಲ್ಯಾಂಡಿನ ವೆನಿಂಗ್ ಮೈನೆಸ್ ಎಂಬ ವಿಜ್ಞಾನಿ 1923ರಲ್ಲಿ ಕೆ-2 ಎಂಬ ಡಚ್ ಜಲಾಂತರ್ಗಾಮಿಯಲ್ಲಿ ಲೋಲಕಗಳ ಉಪಕರಣ ಇಟ್ಟುಕೊಂಡು ಜಾವಾಕ್ಕೆ ಹೊರಟ. ಹಡಗಿನ ಮೇಲೆ ಅಲೆಗಳ ಕುಲುಕಾಟದಲ್ಲಿ ಲೋಲಕ ನಿಲ್ಲುವುದಿಲ್ಲ. ನೀರಿನಡಿ ಮುಳುಗಿದರೆ ಕುಲುಕು ತಗ್ಗುತ್ತದೆ. ಒಂದೇ ಚೌಕಟ್ಟಿನಲ್ಲಿ ಜೋಡಿ ಲೋಲಕಗಳನ್ನು ಎದುರುಬದುರು ತೂಗಿಸಿ ಉಳಿದ ಕುಲುಕನ್ನೂ ಒಂದರಿಂದೊಂದು ಕಳೆದ. ಆತ ಆರಡಿ ದಾಟಿದ ಆಜಾನುಬಾಹು, ಜಲಾಂತರ್ಗಾಮಿಯೋ ಇಕ್ಕಟ್ಟಿನ ಕೊಳವೆ. ಆ ತಿಂಗಳುಗಳು ಹೇಗೆ ಕಳೆದಿರಬೇಕು ಎಂದು ನೆನೆದರೆ ನನಗೇ ಬೆನ್ನು ನೋಯುತ್ತದೆ. ಇಂಡೋನೇಷ್ಯಾದ ಕಮಾನಿನ ಗುಂಟ ಉದ್ದಾನುದ್ದಕ್ಕೆ ಗುರುತ್ವ ತೀರಾ ಕಡಿಮೆ ಇರುವ ಪಟ್ಟಿಯೊಂದು ಆತನಿಗೆ ಸಿಕ್ಕಿತು. ಅದು ಬಹುಪಾಲು ಹಾದುಹೋದದ್ದು ಕಂದಕದ ನಡುಗೆರೆಯ ಮೇಲಲ್ಲ, ಕಂದಕಕ್ಕೂ ಜ್ವಾಲಾಮುಖಿಗಳಿಗೂ ನಡುವಿನ ದಿಬ್ಬದ ಮೇಲೆ. ಫಲಕಗಳ ಸಿದ್ಧಾಂತ ಬರಲು ಇನ್ನೂ ಮೂರ್ನಾಲ್ಕು ದಶಕ ಬಾಕಿಯಿದ್ದ ಕಾಲ. ತೊಗಟೆ ಇಲ್ಲಿ ಕೆಳಕ್ಕೆ ಮಡಚಿಕೊಂಡಿದೆ ಎಂದು ಆತ ಅರ್ಥ ಮಾಡಿದ. ಮಡಿಕೆಯ ವಿವರ ತಪ್ಪಿತ್ತು, ಕೆಳಕ್ಕೆ ಎಂಬುದು ಸರಿಯಿತ್ತು.

ಗೆರೆ ಎಳೆಯುವುದು

ಮೊದಲ ಕೆಲಸ, ನಕಾಶೆಯ ಮೇಲೆ ಒಂದು ಗೆರೆ. ಅದು ಕಂದಕಕ್ಕೆ ಅಡ್ಡಲಾಗಿ, ಆದಷ್ಟು ಲಂಬವಾಗಿ ಹಾಯಬೇಕು. ಸುಮಾತ್ರದ ಬಳಿ ಕಂದಕ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿದೆ, ಅಲ್ಲಾದರೆ ಗೆರೆಯನ್ನೂ ಓರೆ ಹಿಡಿಯಬೇಕು. ಅಂಡಮಾನಿನಲ್ಲಿ ಅದು ಹೆಚ್ಚೂಕಡಿಮೆ ಉತ್ತರ–ದಕ್ಷಿಣ, ಹಾಗಾಗಿ ಪಶ್ಚಿಮ–ಪೂರ್ವ ಗೆರೆ ಸಾಕು.

ನಾನು ಸೂಚಿಸುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಗುಂಟ, 88ರಿಂದ 97 ಡಿಗ್ರಿ ಪೂರ್ವ ರೇಖಾಂಶದವರೆಗಿನ ಗೆರೆ. ಉದ್ದ ಸುಮಾರು 980 ಕಿಮೀ. ಅಷ್ಟು ಪಶ್ಚಿಮದಿಂದ ಏಕೆ ಶುರು ಎಂದರೆ, 90 ಡಿಗ್ರಿಯ ಹತ್ತಿರ ಹೂಳಿನಡಿ ತೊಂಬತ್ತು ಪೂರ್ವ ಏಣು ಎಂಬ ಸಾವಿರಾರು ಕಿಮೀ ಉದ್ದದ ಬೆಟ್ಟಸಾಲು ಹೂತುಹೋಗಿದೆ. ಅದರ ಮೇಲೆ ನಿಂತು ಇದೇ ಮಾಮೂಲಿ ಸಾಗರ ತೊಗಟೆ ಎಂದು ಲೆಕ್ಕ ಶುರುಮಾಡಿದರೆ ಮುಂದಿನದೆಲ್ಲ ಓರೆಯಾಗುತ್ತದೆ.

ಬ್ಯಾರನ್ ಜ್ವಾಲಾಮುಖಿಯ ನೆತ್ತಿಯ ಮೇಲೇ ಗೆರೆ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಬಿಡಿ. ಅದು 12.28 ಡಿಗ್ರಿಯಲ್ಲಿದೆ, ನಮ್ಮ ಗೆರೆ ಅದರಿಂದ 31 ಕಿಮೀ ದಕ್ಷಿಣಕ್ಕೆ ಹಾಯುತ್ತದೆ, ಬೇಕೆಂದೇ. ನಾವು ಮಾಡಹೊರಟಿರುವುದು ಎರಡು ಆಯಾಮದ ಮಾದರಿ: ಗೆರೆಯ ಎರಡೂ ಬದಿಗೆ ಇದೇ ರಚನೆ ದೂರದವರೆಗೆ ಹೀಗೇ ಮುಂದುವರಿದಿದೆ ಎಂಬ ಒಪ್ಪಂದದ ಮೇಲೆ ನಿಂತದ್ದು. ಕಂದಕಕ್ಕೆ, ದಿಬ್ಬಕ್ಕೆ, ಇಳಿಯುವ ಫಲಕಕ್ಕೆ ಈ ಒಪ್ಪಂದ ಸರಿ. ಕಡಲ ತಳದಿಂದ 2 ಕಿಮೀಗೂ ಹೆಚ್ಚು ಎದ್ದು ನಿಂತ ಒಂಟಿ ಶಂಕುವಿಗೆ ಅಲ್ಲ. ಅದನ್ನು ಎರಡು ಆಯಾಮದಲ್ಲಿ ಕೂರಿಸಿದರೆ ಕೊನೆಯಿಲ್ಲದ ಬೆಟ್ಟಸಾಲೊಂದು ಅಲ್ಲಿದೆ ಎಂದು ಗಣಿತ ನಂಬಿಕೊಳ್ಳುತ್ತದೆ.

ಡೇಟಾ ತರುವುದು

ಸಮುದ್ರದ ಗುರುತ್ವಕ್ಕೆ ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆ ಹಂಚುವ ಒಂದು ನಿಮಿಷದ (ಡಿಗ್ರಿಯ ಅರವತ್ತನೇ ಒಂದು ಪಾಲಿನ) ಗ್ರಿಡ್ ಇಳಿಸಿಕೊಳ್ಳಿ. ಇದನ್ನು ಯಾರೂ ಹಡಗಿನಲ್ಲಿ ಅಳೆದದ್ದಲ್ಲ. ಉಪಗ್ರಹದ ರೇಡಾರ್ ಸಮುದ್ರದ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುತ್ತದೆ, ಆ ಉಬ್ಬುತಗ್ಗಿನಿಂದ ಗುರುತ್ವವನ್ನು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಕಡಲ ತಳದಲ್ಲಿ 2,000 ಮೀಟರ್ ಎತ್ತರದ ಬೆಟ್ಟವಿದ್ದರೆ ಅದು ನೀರನ್ನು ತನ್ನ ಕಡೆ ಎಳೆದುಕೊಂಡು ಮೇಲ್ಮೈಯನ್ನು ಸುಮಾರು 2 ಮೀಟರ್ ಉಬ್ಬಿಸುತ್ತದೆ. ಹಡಗಿನವರಿಗೆ ಅದು ಗೊತ್ತಾಗುವುದಿಲ್ಲ, ಉಪಗ್ರಹಕ್ಕೆ ಗೊತ್ತಾಗುತ್ತದೆ. ಈ ಗ್ರಿಡ್‌ನ ನಿಖರತೆ ಒಳ್ಳೆಯ ಕಡೆ 2 ಮಿಲಿಗ್ಯಾಲ್ ಹತ್ತಿರ. ಕರಾವಳಿಗೆ ಅಂಟಿಕೊಂಡಲ್ಲಿ, ಚಿಕ್ಕ ದ್ವೀಪಗಳ ಸುತ್ತ ರೇಡಾರ್ ಪ್ರತಿಧ್ವನಿ ಕೆಡುತ್ತದೆ. ಹ್ಯಾವ್ಲಾಕ್ (ಈಗಿನ ಸ್ವರಾಜ್ ದ್ವೀಪ) ಆಸುಪಾಸಿನ ಬಿಂದುಗಳನ್ನು ಅನುಮಾನದಿಂದಲೇ ನೋಡಿ.

ನೆಲವೂ ಸೇರಿದ ಚಿತ್ರ ಬೇಕಾದರೆ ಪಾಟ್ಸ್‌ಡ್ಯಾಮಿನ ಜಿಎಫ್‌ಝಡ್ ಸಂಸ್ಥೆಯ ತಾಣದಲ್ಲಿ ಜಾಗತಿಕ ಮಾದರಿಗಳೆಲ್ಲ ಒಂದೇ ಕಡೆ ಸಿಗುತ್ತವೆ. ಗುರುತ್ವ ಅಳೆಯುವ ಗ್ರೇಸ್, ಗೋಚೆ ಉಪಗ್ರಹಗಳ ಡೇಟಾ ಮಾತ್ರ ಬಳಸಿದ ಮಾದರಿ ಈ ಕೆಲಸಕ್ಕೆ ತೀರಾ ಒರಟು. ಗೋಚೆಯ ಕಣ್ಣಿಗೆ 80 ಕಿಮೀಗಿಂತ ಚಿಕ್ಕದು ಬೀಳುವುದೇ ಕಷ್ಟ.

ಕಡಲಿನ ಆಳಕ್ಕೆ ಜೆಬ್ಕೋ ಗ್ರಿಡ್. ಇಲ್ಲಿ ನೂರಕ್ಕೆ ತೊಂಬತ್ತು ಜನ ಎಡವುವ ಒಂದು ಹೊಂಡವಿದೆ. ಜೆಬ್ಕೋದ ಎಲ್ಲ ಚೌಕಗಳೂ ಅಳೆದವಲ್ಲ. ಹಡಗು ಹಾಯದ ಕಡೆ ಆಳವನ್ನು ಉಪಗ್ರಹದ ಗುರುತ್ವದಿಂದಲೇ ಊಹಿಸಿ ತುಂಬಿದ್ದಾರೆ. ಆ ಆಳವನ್ನು ಹಿಡಿದು ನೀವು ಗುರುತ್ವವನ್ನು ತಿದ್ದಿದರೆ, ಗುರುತ್ವದಿಂದ ಗುರುತ್ವವನ್ನೇ ಕಳೆದ ಹಾಗೆ. ಸಿಗುವುದು ಸೊನ್ನೆಯ ನೆರಳು. ಜೆಬ್ಕೋ ಜೊತೆಗೇ ಯಾವ ಚೌಕ ಎಲ್ಲಿಂದ ಬಂತು ಎಂದು ಹೇಳುವ ಇನ್ನೊಂದು ಗ್ರಿಡ್ ಇದೆ. ಅದನ್ನೂ ಇಳಿಸಿಕೊಂಡು, ನಿಮ್ಮ ಗೆರೆಯ ಮೇಲೆ ಅಳೆದ ಆಳ ಎಲ್ಲಿದೆ, ಊಹೆಯ ಆಳ ಎಲ್ಲಿದೆ ಎಂದು ಎರಡು ಬಣ್ಣದಲ್ಲಿ ಗುರುತು ಹಾಕಿ.

ಉಳಿದದ್ದು ಬೇಗ ಮುಗಿಯುತ್ತದೆ. ಹೂಳಿನ ದಪ್ಪಕ್ಕೆ ಗ್ಲೋಬ್‌ಸೆಡ್, ಇಳಿಯುವ ಫಲಕದ ಆಕಾರಕ್ಕೆ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಸ್ಲ್ಯಾಬ್-2, ಭೂಕಂಪಗಳ ಪಟ್ಟಿ ಅದೇ ಸಂಸ್ಥೆಯಿಂದ. ಎಲ್ಲವನ್ನೂ ಜಿಎಂಟಿ ಎಂಬ ನಕಾಶೆ ತಂತ್ರಾಂಶದಲ್ಲಿ ಗೆರೆಯ ಗುಂಟ 2 ಕಿಮೀಗೆ ಒಂದರಂತೆ ಕತ್ತರಿಸಿ ಒಂದೇ ಕೋಷ್ಟಕಕ್ಕೆ ತನ್ನಿ. ಗುರುತ್ವದ ಗ್ರಿಡ್ ನಿಜವಾಗಿ ಬಿಡಿಸಿ ತೋರಿಸುವುದು 12–15 ಕಿಮೀ ಅಲೆಯುದ್ದದವರೆಗೆ ಮಾತ್ರ, ಹಾಗಾಗಿ 2 ಕಿಮೀಗಿಂತ ಸೂಕ್ಷ್ಮವಾಗಿ ಕತ್ತರಿಸಿದರೆ ಸಾಲುಗಳು ಹೆಚ್ಚುತ್ತವೆ, ಮಾಹಿತಿ ಹೆಚ್ಚುವುದಿಲ್ಲ.

ನೀವೇ ಅಳೆಯಲು ಹೊರಟರೆ

ದ್ವೀಪದ ಮೇಲೆ ಗುರುತ್ವ ಅಳೆಯುವ ಯಂತ್ರ, ಗ್ರಾವಿಮೀಟರ್, ಹಿಡಿದು ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ, ಉಪಗ್ರಹ ಕುರುಡಾಗುವ ಕರಾವಳಿಯ ಪಟ್ಟಿಯನ್ನು ನೀವು ತುಂಬಬಹುದು. ಬೆಳಿಗ್ಗೆ ಬೇಸ್ ಸ್ಟೇಷನ್ನಿನಲ್ಲಿ ಒಂದು ರೀಡಿಂಗ್, ಸುತ್ತಾಡಿ ಬಂದು ಮತ್ತೆ ಅಲ್ಲೇ ಇನ್ನೊಂದು. ಒಳಗಿನ ಸ್ಪ್ರಿಂಗ್ ದಿನವಿಡೀ ಸ್ವಲ್ಪ ಸ್ವಲ್ಪವೇ ಸಡಿಲುತ್ತದೆ. ಎರಡು ರೀಡಿಂಗ್‌ಗಳ ನಡುವಿನ ಅಂತರವನ್ನು ಸಮಯಕ್ಕೆ ತಕ್ಕಂತೆ ಹಂಚಿ ಕಳೆಯಬೇಕು. ಸೂರ್ಯ–ಚಂದ್ರರ ಎಳೆತದಿಂದ ದಿನದಲ್ಲಿ 0.3 ಮಿಲಿಗ್ಯಾಲ್‌ವರೆಗೆ ಏರಿಳಿತ ಇರುತ್ತದೆ, ಅದನ್ನು ಈಗಿನ ಯಂತ್ರಗಳು ತಾವೇ ಕಳೆಯುತ್ತವೆ. ಅದಕ್ಕೆ ಸಮಯ ಸರಿ ಇರಬೇಕು. ಯಂತ್ರದ ಗಡಿಯಾರ ಗ್ರೀನಿಚ್ ಕಾಲದಲ್ಲಿದೆಯೋ ಭಾರತೀಯ ಕಾಲದಲ್ಲೋ ಎಂದು ನೋಡದೆ ಮೂರು ದಿನದ ರೀಡಿಂಗ್ ತೆಗೆದವರಲ್ಲಿ ನಾನೂ ಒಬ್ಬ.

ಲೆಕ್ಕದ ಕೆಲಸವನ್ನು ಒಂದು ಬಿಂದುವಿಗೆ ಮಾಡಿ ನೋಡೋಣ. ಅಕ್ಷಾಂಶ 11.67 ಡಿಗ್ರಿ, ಅಂದರೆ ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಹತ್ತಿರ. ಎತ್ತರ 45 ಮೀಟರ್ ಇರಲಿ. ಭೂಮಿ ಪೂರ್ತಿ ನುಣುಪಾದ ದೀರ್ಘವೃತ್ತಗೋಳವಾಗಿದ್ದರೆ ಸಮಭಾಜಕದಲ್ಲಿ ಗುರುತ್ವ 9,78,032.7 ಮಿಲಿಗ್ಯಾಲ್, ಈ ಅಕ್ಷಾಂಶಕ್ಕೆ ಅದಕ್ಕೆ 211.3 ಕೂಡಿಸಿ 9,78,244. ಅಳೆದದ್ದರಿಂದ ಇದನ್ನು ಕಳೆಯಿರಿ. ಎತ್ತರಕ್ಕೆ ಹೋದಷ್ಟೂ ಗುರುತ್ವ ಮೀಟರಿಗೆ 0.3086 ಮಿಲಿಗ್ಯಾಲ್ ತಗ್ಗುತ್ತದೆ, ಹಾಗಾಗಿ 45 ಮೀಟರಿಗೆ 13.9 ಕೂಡಿಸಿ. ಇಲ್ಲಿಗೆ ಸಿಕ್ಕಿದ್ದು ಫ್ರೀ-ಏರ್ ಅನಾಮಲಿ, ಅಂದರೆ ಅಳೆದದ್ದಕ್ಕೂ ಇರಬೇಕಾದದ್ದಕ್ಕೂ ಇರುವ ವ್ಯತ್ಯಾಸ. ಕಾಲಡಿಯ 45 ಮೀಟರ್ ಬಂಡೆಯ ಎಳೆತವನ್ನೂ ತೆಗೆಯಬೇಕೆಂದರೆ, ಸಾಂದ್ರತೆ ಘನ ಸೆಂಟಿಮೀಟರಿಗೆ 2.67 ಗ್ರಾಂ ಎಂದು ಹಿಡಿದು ಮೀಟರಿಗೆ 0.1119ರಂತೆ 5.0 ಕಳೆಯಿರಿ. ಇದು ಬೂಗೇರ್ ಅನಾಮಲಿ. ಎತ್ತರದಲ್ಲಿ ಒಂದು ಮೀಟರ್ ತಪ್ಪಿದರೆ ಉತ್ತರದಲ್ಲಿ 0.2 ಮಿಲಿಗ್ಯಾಲ್ ತಪ್ಪು ಎಂಬುದನ್ನು ಈ ಎರಡು ಅಂಕಿಗಳಿಂದಲೇ ತಿಳಿಯಬಹುದು.

(ಬೂಗೇರ್ ಎಂಬ ಫ್ರೆಂಚ್ ಮಹಾಶಯ 1730ರ ದಶಕದಲ್ಲಿ ಈಗಿನ ಈಕ್ವೆಡಾರಿಗೆ ಹೋಗಿ, ಚಿಂಬೊರಾಜೊ ಪರ್ವತ ತೂಗುಗುಂಡನ್ನು ತನ್ನ ಗಾತ್ರಕ್ಕೆ ತಕ್ಕಷ್ಟು ಎಳೆಯುತ್ತಿಲ್ಲವಲ್ಲ ಎಂದು ಬೆರಗಾದವನು. ತಾನು ನಿಂತದ್ದೂ ಒಂದು ಸಬ್‌ಡಕ್ಷನ್ ವಲಯದ ಮೇಲೆ ಎಂದು ಅವನಿಗೆ ತಿಳಿಯುವ ದಾರಿಯಿರಲಿಲ್ಲ.)

ಎತ್ತರ ಎಂದಾಗ ಯಾವ ಎತ್ತರ? ಜಿಪಿಎಸ್ ಕೊಡುವುದು ದೀರ್ಘವೃತ್ತಗೋಳದಿಂದ ಎತ್ತರ, ಸಮುದ್ರಮಟ್ಟದಿಂದ ಅಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮೇಲ್ಮೈ ದೀರ್ಘವೃತ್ತಗೋಳಕ್ಕಿಂತ 106 ಮೀಟರ್ ತಗ್ಗಿದೆ, ಜಗತ್ತಿನಲ್ಲೇ ಅತಿ ದೊಡ್ಡ ತಗ್ಗು. ಇದು ಹೇಗೆ ಬಂತು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಮ್ಯಾಂಟಲ್‌ನ ಬಿಸಿ ಊಟೆಗಳನ್ನು ಕಾರಣವಾಗಿ ತೋರಿಸಿದ್ದು ಸುದ್ದಿಯಾಗಿತ್ತು. ಆ ತಗ್ಗಿನ ಅಂಚು ನಮ್ಮ ಊರುಗಳವರೆಗೂ ಚಾಚಿದೆ: ಬೆಂಗಳೂರಿನಲ್ಲಿ ಜಿಪಿಎಸ್‌ನ ಕಚ್ಚಾ ಎತ್ತರ ಸಮುದ್ರಮಟ್ಟದ ಎತ್ತರಕ್ಕಿಂತ 80 ಮೀಟರಿಗೂ ಮೀರಿ ತಗ್ಗಾಗಿ ಬರುತ್ತದೆ. 80 ಮೀಟರ್ ಎಂದರೆ ಫ್ರೀ-ಏರ್ ಲೆಕ್ಕದಲ್ಲಿ ಸುಮಾರು 25 ಮಿಲಿಗ್ಯಾಲ್. ಒಂದು ಡೇಟಾ ಈ ಎತ್ತರದಲ್ಲಿ, ಇನ್ನೊಂದು ಆ ಎತ್ತರದಲ್ಲಿ ಇದ್ದು ಎರಡನ್ನೂ ಹೊಲಿದರೆ ತೊಗಟೆಯಲ್ಲಿ ಇಲ್ಲದ ಬಿರುಕು ಕಾಣಿಸಿಕೊಳ್ಳುತ್ತದೆ.

ಹಡಗಿನ ಹಳೆಯ ಡೇಟಾ ಕೈಗೆ ಬಂದರೆ ಎಟ್ವೋಶ್ ತಿದ್ದುಪಡಿ ನೋಡಿ. ಪೂರ್ವಕ್ಕೆ ಸಾಗುವ ಹಡಗು ಭೂಮಿಯ ಜೊತೆಗೇ ತಾನೂ ತಿರುಗುತ್ತದೆ, ಅದರ ಮೇಲಿನ ವಸ್ತು ಕೊಂಚ ಹಗುರ. 12 ಡಿಗ್ರಿಯಲ್ಲಿ 10 ನಾಟ್ ವೇಗದ ಹಡಗು ಪೂರ್ವಕ್ಕೆ ಹೋದರೆ 74 ಮಿಲಿಗ್ಯಾಲ್ ಕೂಡಿಸಬೇಕು, ಪಶ್ಚಿಮಕ್ಕೆ ಬಂದರೆ 73 ಕಳೆಯಬೇಕು. ವೇಗ ಹತ್ತನೇ ಒಂದು ನಾಟ್ ತಪ್ಪಿದರೆ 0.7 ಮಿಲಿಗ್ಯಾಲ್ ಹೋಯಿತು. ಜಿಪಿಎಸ್ ಬರುವುದಕ್ಕೆ ಮುಂಚಿನ ಗೆರೆಗಳು ಒಂದನ್ನೊಂದು ದಾಟುವ ಕಡೆ ಹೊಂದುವುದಿಲ್ಲ, ಅದಕ್ಕೆ ಕಾರಣ ಬಹುಪಾಲು ಇದೇ.

ನೀರನ್ನು ಕಳೆಯುವುದು

ಫ್ರೀ-ಏರ್ ಗೆರೆಯನ್ನು ನೋಡಿ ಅಲ್ಲೇ ವ್ಯಾಖ್ಯಾನ ಶುರುಮಾಡಬೇಡಿ. ಅದರಲ್ಲಿ ಕಾಣುವ ಏರಿಳಿತದ ದೊಡ್ಡ ಪಾಲು ಬರೀ ಕಡಲ ತಳದ ಉಬ್ಬುತಗ್ಗು. ಬಂಡೆ ಇರಬೇಕಾದ ಕಡೆ 1.03 ಸಾಂದ್ರತೆಯ ನೀರಿದೆ, ಅದನ್ನು 2.67ರ ಬಂಡೆಯಿಂದ ತುಂಬಿಸಿದಂತೆ ಲೆಕ್ಕ ಹಾಕಿದರೆ ಮೀಟರ್ ಆಳಕ್ಕೆ 0.0688 ಮಿಲಿಗ್ಯಾಲ್ ಕೂಡಿಸಬೇಕು. 3 ಕಿಮೀ ನೀರಿಗೆ 206. ಜಾವಾದ 7 ಕಿಮೀ ಕಂದಕಕ್ಕೆ 480. ತಳ ಕಡಿದಾದ ಕಡೆ ಈ ಚಪ್ಪಟೆ ಹಾಸಿನ ಲೆಕ್ಕ ಸಾಲದು, ಸುತ್ತಲಿನ 167 ಕಿಮೀವರೆಗಿನ ಉಬ್ಬುತಗ್ಗನ್ನೆಲ್ಲ ಕೂಡಿಸುವ ತಂತ್ರಾಂಶ ಬಳಸಿ; ಪೈಥಾನ್ ಬಲ್ಲವರಿಗೆ ಹಾರ್ಮೋನಿಕಾ ಎಂಬ ಪುಕ್ಕಟೆ ಕಟ್ಟು ಇದೆ.

ತಾಳೆ ನೋಡುವ ಒಂದು ಸುಲಭ ದಾರಿ: ತೆರೆದ ಸಾಗರದ ಮೇಲೆ ಬೂಗೇರ್ ಅನಾಮಲಿ ದೊಡ್ಡ ಧನ ಸಂಖ್ಯೆ ಆಗಿರಬೇಕು. ಸಾಗರದ ತೊಗಟೆ ತೆಳು, ಭಾರದ ಮ್ಯಾಂಟಲ್ ಹತ್ತಿರ. ನಾನು ಮೊದಲ ಸಲ ಮಾಡಿದಾಗ ಆಳದ ಕಡತದಲ್ಲಿ ಸಂಖ್ಯೆಗಳೆಲ್ಲ ಋಣದಲ್ಲಿ ಇದ್ದದ್ದನ್ನು ಗಮನಿಸದೆ ಕೂಡಿಸುತ್ತಾ ಹೋದೆ. ಅಂಡಮಾನ್ ಸಮುದ್ರದ ಅಡಿ ಹಿಮಾಲಯದ ಕೆಳಗಿರುವಂಥ ದಪ್ಪ ತೊಗಟೆ ಬಂತು. ಸಂಜೆಯವರೆಗೆ ಖುಷಿಯಾಗಿದ್ದೆ.

ಹೂಳನ್ನು ಕಳೆಯುವುದು

ಅಂಡಮಾನಿನಲ್ಲಿ ಇದೇ ಕಷ್ಟದ ಹೆಜ್ಜೆ. ಜಪಾನಿನಲ್ಲೋ ಟೋಂಗಾದಲ್ಲೋ ಕೆಲಸ ಮಾಡುವವರಿಗೆ ಇಷ್ಟು ತಲೆನೋವಿಲ್ಲ. 2.67 ಎಂದು ಒಪ್ಪಿಕೊಂಡ ಜಾಗದಲ್ಲಿ ಸರಾಸರಿ 2.3ರ ಹೂಳು 4 ಕಿಮೀ ಇದ್ದರೆ 62 ಮಿಲಿಗ್ಯಾಲ್ ಕೊರತೆ. ಅದನ್ನು ಕಳೆಯದೆ ಬಿಟ್ಟರೆ ಆ ಕೊರತೆಯನ್ನು ಮಾದರಿ ತೊಗಟೆಯ ದಪ್ಪದ ತಲೆಗೆ ಕಟ್ಟುತ್ತದೆ.

ಹೂಳಿಗೆ ಒಂದೇ ಸಾಂದ್ರತೆ ಕೊಡುವುದು ಸೋಮಾರಿತನ. ಮೇಲ್ಪದರ ಒದ್ದೆ ಕೆಸರು, 2ಕ್ಕಿಂತ ಕಡಿಮೆ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ನೀರು ಹಿಂಡಿಹೋಗಿ ಗಟ್ಟಿಯಾಗುತ್ತದೆ. ಕೃತಕ ಕಂಪನದ ಸರ್ವೆಯವರು ಅಳೆದ ಅಲೆವೇಗ ಸಿಕ್ಕರೆ ಗಾರ್ಡ್ನರ್ ಸೂತ್ರದಿಂದ ಸಾಂದ್ರತೆ ತೆಗೆಯಿರಿ: ವೇಗದ ನಾಲ್ಕನೇ ಮೂಲವನ್ನು 0.31ರಿಂದ ಗುಣಿಸುವುದು, ಅಷ್ಟೇ. ಸೆಕೆಂಡಿಗೆ 3,000 ಮೀಟರ್ ಇದ್ದರೆ 2.29, ಅದು 4,500 ಆದರೆ 2.54. ಫಲಕದಿಂದ ಕೆರೆದು ಪೇರಿಸಿದ ದಿಬ್ಬದೊಳಗಿನ ಹೂಳು ಹಿಂಡಿ ಹಿಂಡಿ ಇನ್ನೂ ಗಟ್ಟಿ, ಅದಕ್ಕೆ ಬೇರೆಯದೇ ಪದರ ಬರೆಯಿರಿ. ದ್ವೀಪಗಳ ಮೇಲೆ ಅಲ್ಲಲ್ಲಿ ಹಳೆಯ ಸಾಗರ ತೊಗಟೆಯ ತುಣುಕುಗಳು, ಓಫಿಯೊಲೈಟ್‌ಗಳು, ಎದ್ದು ಕಾಣುತ್ತವೆ. ಅವು ಭಾರದವು. ದಿಬ್ಬವೆಲ್ಲ ಹೂಳು ಎಂದು ಹಿಡಿದವರ ಮಾದರಿ ದ್ವೀಪದ ನಡುವೆ ಸರಿಯಾಗಿ ಕೂರುವುದಿಲ್ಲ, ಅದಕ್ಕೆ ಇವೇ ಕಾರಣ.

ಇಳಿಯುತ್ತಿರುವ ಫಲಕ

ಸಾಗರದ ತಳದಲ್ಲಿ ತಣ್ಣಗಾದ ಫಲಕ ಬಿಸಿ ಮ್ಯಾಂಟಲ್‌ನೊಳಗೆ ಇಳಿಯುವಾಗ ಸುತ್ತಲಿನದಕ್ಕಿಂತ ತುಸು ಭಾರ. ಎಷ್ಟು? ಘನ ಸೆಂಟಿಮೀಟರಿಗೆ 0.05 ಗ್ರಾಂ ಆಸುಪಾಸು. ಇಷ್ಟು ಕಡಿಮೆಗೆ ಏಕೆ ತಲೆಕೆಡಿಸಿಕೊಳ್ಳಬೇಕು ಎನಿಸಬಹುದು. 80 ಕಿಮೀ ದಪ್ಪದ ಹಾಸಿಗೆ ಅದನ್ನು ಗುಣಿಸಿ ನೋಡಿ: 168 ಮಿಲಿಗ್ಯಾಲ್. ಫಲಕ ಓರೆಯಾಗಿ ಆಳಕ್ಕಿಳಿಯುವುದರಿಂದ ನಿಜದ ಪರಿಣಾಮ ಇದಕ್ಕಿಂತ ಕಡಿಮೆ, ಆದರೂ ಹತ್ತಾರು ಮಿಲಿಗ್ಯಾಲ್‌ಗೆ ಮೋಸವಿಲ್ಲ. ತೊಗಟೆ–ಮ್ಯಾಂಟಲ್ ಗಡಿಯಾದ ಮೋಹೋವಿನಲ್ಲಿ ಸಾಂದ್ರತೆಯ ಅಂತರ 0.4 ಎಂದು ಹಿಡಿದರೆ, ಮೋಹೋ ಒಂದು ಕಿಮೀ ಸರಿದಾಗ 17 ಮಿಲಿಗ್ಯಾಲ್ ಬದಲಾಗುತ್ತದೆ. ಫಲಕವನ್ನು ಮರೆತು ಅದರ 80 ಮಿಲಿಗ್ಯಾಲನ್ನು ತೊಗಟೆಗೆ ಹೊರಿಸಿದರೆ ದ್ವೀಪಗಳ ಪೂರ್ವಕ್ಕೆ ತೊಗಟೆ ಸುಮಾರು 5 ಕಿಮೀ ತೆಳುವಾಗಿ ಕಾಣುತ್ತದೆ. ಹಿಂಗಡಲು ಹಿಗ್ಗಿ ತೊಗಟೆ ತೆಳುವಾದ ಜಾಗದ ಪಕ್ಕದಲ್ಲೇ ಈ ತಪ್ಪು ಬೀಳುವುದರಿಂದ ಉತ್ತರ ನಂಬುವಂತಿರುತ್ತದೆ, ಯಾರೂ ಹಿಡಿಯುವುದಿಲ್ಲ.

ಫಲಕದ ಮೇಲ್ಮೈಯನ್ನು ಗುರುತ್ವದಿಂದ ಹುಡುಕಲು ಹೋಗಬೇಡಿ. ಸ್ಲ್ಯಾಬ್-2ರಿಂದ ತೆಗೆದು ಗಟ್ಟಿಯಾಗಿ ಕೂರಿಸಿ, ಭೂಕಂಪಗಳ ಕೇಂದ್ರಗಳನ್ನು ಅದರ ಮೇಲೆ ಚುಕ್ಕಿ ಹಾಕಿ ತಾಳೆ ನೋಡಿ. ಅದು ಸರಿದಾಡದ ಗಡಿ ಎಂದು ಘೋಷಿಸಿ ಮುಂದೆ ಹೋಗಿ.

ಬಹುಭುಜಗಳಲ್ಲಿ ಕಟ್ಟುವುದು

ಈಗ ಅಡ್ಡಕೊಯ್ತವನ್ನು ಬಹುಭುಜಗಳಾಗಿ ಬರೆಯಿರಿ: ನೀರು 1.03, ಮೇಲಿನ ಹೂಳು 2.0, ಕೆಳಗಿನ ಹೂಳು 2.4, ದಿಬ್ಬ 2.5, ಸಾಗರ ತೊಗಟೆ 2.9, ದ್ವೀಪಸಾಲಿನ ತೊಗಟೆ 2.8, ಮ್ಯಾಂಟಲ್ 3.3, ಇಳಿಯುವ ಫಲಕದ ಮ್ಯಾಂಟಲ್ 3.35. ಜ್ವಾಲಾಮುಖಿಗಳ ಅಡಿಯ ಬಿಸಿ ಮ್ಯಾಂಟಲ್ ಬೆಣೆಗೆ 3.25 ಕೊಟ್ಟು ನೋಡಬಹುದು. ಇಲ್ಲಿ ನೀರನ್ನೂ ಹೂಳನ್ನೂ ನೀವೇ ಬರೆದಿರುವುದರಿಂದ ಹೋಲಿಸಬೇಕಾದದ್ದು ಫ್ರೀ-ಏರ್ ಜೊತೆ. ಬೂಗೇರ್ ಜೊತೆ ಹೋಲಿಸಿದರೆ ನೀರನ್ನು ಎರಡು ಸಲ ಲೆಕ್ಕ ಹಾಕಿದಂತೆ. ಬಹುಭುಜದ ಗುರುತ್ವವನ್ನು ಲೆಕ್ಕ ಹಾಕುವ ವಿಧಾನವನ್ನು 1959ರಲ್ಲಿ ಕೊಟ್ಟವರಲ್ಲಿ ಮೊದಲ ಹೆಸರು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮಾಣಿಕ್ ತಲ್ವಾನಿಯವರದು. ಇಂದಿನ ಬಹುತೇಕ ತಂತ್ರಾಂಶಗಳ ಹೊಟ್ಟೆಯಲ್ಲಿರುವುದು ಅದೇ.

ಮಾದರಿಯ ಎರಡೂ ತುದಿಯನ್ನು ಸಾವಿರಾರು ಕಿಮೀ ಆಚೆಗೆ ಎಳೆಯಿರಿ. ಇಲ್ಲದಿದ್ದರೆ 88 ಡಿಗ್ರಿಯಲ್ಲಿ ತೊಗಟೆ ಧುತ್ತನೆ ಮುಗಿದು ಶೂನ್ಯ ಶುರುವಾಗುತ್ತದೆ, ಗೆರೆಯ ಎರಡೂ ಅಂಚು ಕೆಳಕ್ಕೆ ಬಾಗುತ್ತದೆ. ಆಮೇಲೆ ಪಶ್ಚಿಮದ ತುದಿಯಿಂದ ಕೈಹಾಕಿ. ಅಲ್ಲಿ ಸರಳ ಸಾಗರ ತೊಗಟೆ, ಸುಮಾರು 7 ಕಿಮೀ. ಅದು ಹೊಂದದೆ ಪೂರ್ವಕ್ಕೆ ಹೋಗಬೇಡಿ.

ಹೊಂದದ ಕಡೆ ಯಾವ ಪದರವನ್ನು ಸರಿಸಬೇಕು ಎಂಬುದಕ್ಕೆ ಏರಿಳಿತದ ಅಗಲವೇ ಸುಳಿವು. ತಗ್ಗಿನ ನಡುವಿನಿಂದ ಅದರ ಆಳ ಅರ್ಧಕ್ಕಿಳಿಯುವ ಜಾಗದವರೆಗಿನ ದೂರ 20 ಕಿಮೀ ಎಂದಿಟ್ಟುಕೊಳ್ಳಿ. ಗೆರೆಗೆ ಅಡ್ಡವಾಗಿ ಮಲಗಿದ ಉದ್ದನೆಯ ಕೊಳವೆಯಂಥ ರಚನೆಯಾದರೆ ಅದರ ನಡು 20 ಕಿಮೀ ಆಳದಲ್ಲಿ. ಅದಕ್ಕಿಂತ ಮೇಲೆ ಅಗಲವಾಗಿ ಹರಡಿದ ಇನ್ನೊಂದು ರಚನೆಯೂ ಇದೇ ತಗ್ಗನ್ನು ಕೊಡಬಲ್ಲದು. 60 ಕಿಮೀ ಆಳದ್ದು ಕೊಡಲಾರದು. ಹಾಗಾಗಿ ಇಂಥ ತಗ್ಗಿಗೆ ಫಲಕದ ಆಳವನ್ನು ತಿದ್ದಲು ಹೋದವರು ಹೊಲಿಗೆ ಬಿಟ್ಟಲ್ಲಿ ಬಿಟ್ಟು ಗುಂಡಿಯನ್ನು ಎಳೆಯುತ್ತಿದ್ದಾರೆ.

ಕಂದಕದ ಗುಂಟ ಒಂದು ನೋಟ

ಒಂದೇ ಗೆರೆ ಮುಗಿದ ಮೇಲೆ ಉತ್ಸಾಹ ಉಳಿದಿದ್ದರೆ ಕಂದಕದ ಗುಂಟ ಹತ್ತಾರು ಅಡ್ಡಗೆರೆಗಳನ್ನು ಎಳೆದು ಅವುಗಳ ಸರಾಸರಿ ತೆಗೆಯಿರಿ. ಪ್ರತಿ ಗೆರೆಯಿಂದ ಆ ಸರಾಸರಿಯನ್ನು ಕಳೆದರೆ ಎಲ್ಲ ಕಡೆ ಇರುವ ಮಾಮೂಲಿ ಆಕಾರ ಹೋಗಿ, ಈ ತುಣುಕು ಆ ತುಣುಕಿಗಿಂತ ಹೇಗೆ ಭಿನ್ನ ಎಂಬುದು ಉಳಿಯುತ್ತದೆ. 2003ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಜಗತ್ತಿನ ಹಲವು ಕಂದಕಗಳಿಗೆ ಹೀಗೆ ಮಾಡಿ, ಉಳಿಕೆ ಋಣವಾಗಿರುವ ತುಣುಕುಗಳಲ್ಲೇ ದೊಡ್ಡ ಭೂಕಂಪಗಳ ಜಾರುವಿಕೆ ಹೆಚ್ಚು ಕೇಂದ್ರೀಕರಿಸಿದೆ ಎಂದು ತೋರಿಸಿತು. ಇದು ಹೊಂದಾಣಿಕೆ, ಭವಿಷ್ಯವಾಣಿ ಅಲ್ಲ. ವಾಟ್ಸ್‌ಆ್ಯಪ್‌ಗೆ ಈ ನಕಾಶೆಯನ್ನು ದಯವಿಟ್ಟು ಹಾಕಬೇಡಿ.

ಕಂಪನವಾದ ಮೇಲೆ ಗುರುತ್ವವೇ ಬದಲಾಗುವುದೂ ಉಂಟು. 2004ರ ಕಂಪನದ ನಂತರ ಸುಮಾರು 500 ಕಿಮೀ ಎತ್ತರದಲ್ಲಿದ್ದ ಗ್ರೇಸ್ ಜೋಡಿ ಉಪಗ್ರಹಗಳು ಈ ಪ್ರದೇಶದಲ್ಲಿ 15 ಮೈಕ್ರೋಗ್ಯಾಲ್ ಮಟ್ಟದ ಬದಲಾವಣೆ ಹಿಡಿದವು. ನಮ್ಮ ಮಾದರಿಯ 200 ಮಿಲಿಗ್ಯಾಲ್ ಎದುರು ಅದು ಹತ್ತು ಸಾವಿರದ ಒಂದು ಪಾಲು ಕೂಡ ಇಲ್ಲ, ಆದ್ದರಿಂದ 2004ಕ್ಕೆ ಮುಂಚಿನ ಹಡಗಿನ ಡೇಟಾ ಹಳತಾಯಿತೇ ಎಂದು ಕೇಳುವವರಿಗೆ ಧೈರ್ಯವಾಗಿ ಇಲ್ಲ ಎನ್ನಬಹುದು.

ಎರಡು ಮಾದರಿ ಕೊಡಿ

ಅಳೆದದ್ದಕ್ಕೂ ಲೆಕ್ಕಕ್ಕೂ 5 ಮಿಲಿಗ್ಯಾಲ್ ಒಳಗೆ ಹೊಂದಿತೆಂದರೆ ಕೈ ನಿಲ್ಲಿಸಿ. ಗ್ರಿಡ್‌ನ ತಪ್ಪು, ಸಾಂದ್ರತೆಯ ತಪ್ಪು ಎರಡೂ ಸೇರಿ ಅಷ್ಟಂತೂ ಇದ್ದೇ ಇದೆ. ಅದಕ್ಕಿಂತ ಚೆನ್ನಾಗಿ ಹೊಂದಿಸುವುದು ಚಿತ್ರಕಲೆ. ಆಮೇಲೆ ಬೇಕೆಂದೇ ಇನ್ನೊಂದು ಮಾದರಿ ಕಟ್ಟಿ. ಮೊದಲನೆಯದರಲ್ಲಿ ದಿಬ್ಬದ ಕೆಳಗಿನ ತಗ್ಗಿಗೆ ದಪ್ಪ ಹೂಳು ಕಾರಣವಾಗಿದ್ದರೆ, ಎರಡನೆಯದರಲ್ಲಿ ಹೂಳನ್ನು ತೆಳುಮಾಡಿ, ಮೇಲಿನ ಫಲಕದ ತೊಗಟೆಯನ್ನು ಹಗುರ ಮಾಡಿ ಅದೇ ಗೆರೆಯನ್ನು ಹೊಂದಿಸಿ. ಹೊಂದುತ್ತದೆ. ಎರಡನ್ನೂ ಬೇರ್ಪಡಿಸಬಲ್ಲದ್ದು ದಿಬ್ಬದ ಮೇಲಿನ ಅಲೆವೇಗದ ಅಳತೆ: 8 ಕಿಮೀ ಆಳದಲ್ಲಿ ಸೆಕೆಂಡಿಗೆ 4,500 ಮೀಟರ್ ಬಂದರೆ ಮೊದಲನೆಯದು, 6,000 ಬಂದರೆ ಎರಡನೆಯದು.

ಕೊನೆಯ ಚಿತ್ರದಲ್ಲಿ ಕಂಪನದ ಸರ್ವೆ, ಭೂಕಂಪ ಅಥವಾ ಅಳೆದ ಆಳ ಕಟ್ಟಿಹಾಕಿದ ಗಡಿಗಳಿಗೆ ದಪ್ಪ ಗೆರೆ ಹಾಕಿ, ಗುರುತ್ವವನ್ನು ಹೊಂದಿಸಲು ನೀವೇ ಇಟ್ಟ ಗಡಿಗಳಿಗೆ ಚುಕ್ಕೆ ಗೆರೆ. ಪ್ರತಿ ಬಹುಭುಜದೊಳಗೆ ಸಾಂದ್ರತೆಯನ್ನು ಬರೆಯಿರಿ, ಮೇಲೆ ವ್ಯತ್ಯಾಸದ ಗೆರೆಯನ್ನೂ ಬಿಡಿಸಿ. ನನ್ನ ಮೊದಲ ಚಿತ್ರವನ್ನು ಹೀಗೆ ತಿದ್ದಿ ಬರೆದಾಗ ಮುಕ್ಕಾಲು ಪಾಲು ಚುಕ್ಕೆಯೇ ಆಗಿತ್ತು. ಆ ಪ್ರತಿಯನ್ನೇ ಗೈಡ್ ಮೇಜಿನ ಮೇಲೆ ಇಟ್ಟೆ.